ಅಪ್ಪನ ಕಾಲದ ಬಸ್ಸು, ಮಕ್ಕಳ ಕಾಲದ ಲೆಕ್ಕ

ಪ್ರಶ್ನೆ: ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ ಒಂದೇ ಬಸ್ಸಿನಿಂದ ಆರಂಭಿಸಿದ ಸಂಸ್ಥೆಯಲ್ಲಿ ಈಗ ನಾಲ್ಕು ಬಸ್ಸುಗಳಿವೆ. ಒಂದು ಲೈನ್ ಬಸ್ಸು ನಮ್ಮೂರಿನಲ್ಲಿ ರಾತ್ರಿ ವಸ್ತಿ ಉಳಿದು ಬೆಳಿಗ್ಗೆ ಸಿದ್ದಾಪುರದ ಮೇಲೆ ಶಿರಸಿಗೆ ಹೋಗುತ್ತದೆ, ಇನ್ನೊಂದು ಸಾಗರ ಮತ್ತು ಶಿರಸಿಯ ನಡುವೆ ಓಡುತ್ತದೆ. ಉಳಿದೆರಡನ್ನು ಮದುವೆ, ಪ್ರವಾಸಗಳಿಗೆ ಬಾಡಿಗೆಗೆ ಕೊಡುತ್ತೇವೆ. ಏಳು ವಾರಗಳ ಹಿಂದೆ ತಂದೆಯವರು ತೀರಿಕೊಂಡರು. ಎಲ್ಲ ಕಾಗದಗಳೂ ಅವರ ಹೆಸರಿನಲ್ಲಿವೆ. ಪರ್ಮಿಟ್ ಅವಧಿ ಮುಂದಿನ ವರ್ಷದವರೆಗೆ ಇದೆ. ಶಕ್ತಿ ಯೋಜನೆ ಬಂದ ಮೇಲೆ ಕಲೆಕ್ಷನ್ ಬಹಳ ಇಳಿದಿದೆ. ನಾವು ಮೂವರು ಅಣ್ಣತಮ್ಮಂದಿರು. ತಂಗಿಯನ್ನು ಕುಮಟಾಕ್ಕೆ ಕೊಟ್ಟಿದ್ದೇವೆ. ಅಣ್ಣ ಎಲ್ಲವನ್ನೂ ಮಾರೋಣ ಎನ್ನುತ್ತಾನೆ, ತಮ್ಮ ಲೈನ್ ಬಿಟ್ಟು ಬೆಂಗಳೂರಿಗೆ ಸ್ಲೀಪರ್ ಕೋಚ್ ಹಾಕೋಣ ಎನ್ನುತ್ತಾನೆ. ಬಾಡಿಗೆ ಬಸ್ಸನ್ನು ಸರ್ಕಾರ ಯಾವಾಗ ಬೇಕಾದರೂ ಕಿತ್ತುಕೊಳ್ಳುತ್ತದೆ ಎಂಬುದು ಚಿಕ್ಕಪ್ಪನ ಹೆದರಿಕೆ. ಏನೇ ಮಾಡಿದರೂ ವಸ್ತಿ ಬಸ್ಸನ್ನು ನಿಲ್ಲಿಸಬೇಡಿ ಎನ್ನುವುದು ಅಮ್ಮನ ಮಾತು. ನಾವು ಏನು ಮಾಡಬೇಕು?

ಉತ್ತರ: ತಾವು ಕೇಳಿದ್ದಕ್ಕೆ ಉತ್ತರಿಸುವ ಮೊದಲು ತಾವು ಕೇಳದೆ ಬಿಟ್ಟ ಒಂದು ವಿಷಯಕ್ಕೆ ಉತ್ತರಿಸಬೇಕಾಗಿದೆ, ಏಕೆಂದರೆ ಅದು ದಿನಗಳ ಲೆಕ್ಕದ ವಿಷಯ. ತಂದೆಯವರು ತೀರಿಕೊಂಡು ಏಳು ವಾರಗಳಾದವು ಎಂದು ಬರೆದಿದ್ದೀರಿ, ಆದರೆ ಆ ಸಂಗತಿಯನ್ನು ಸಾರಿಗೆ ಕಚೇರಿಗೆ ತಿಳಿಸಿದ ಮಾತು ಪತ್ರದಲ್ಲಿ ಎಲ್ಲಿಯೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 82ನೇ ಕಲಮು ಹೇಳುವುದು ಇಷ್ಟು: ಪರ್ಮಿಟ್ ಹೊಂದಿದವರು ತೀರಿಕೊಂಡರೆ, ಬಸ್ಸು ಯಾರ ವಶಕ್ಕೆ ಬರುತ್ತದೆಯೋ ಆ ವಾರಸುದಾರರು ಮೂರು ತಿಂಗಳ ಮಟ್ಟಿಗೆ ಆ ಪರ್ಮಿಟ್ಟನ್ನು ತಮ್ಮದೇ ಎಂಬಂತೆ ಬಳಸಬಹುದು, ಆದರೆ ಸಾವಿನ ಸಂಗತಿಯನ್ನೂ ಪರ್ಮಿಟ್ ಬಳಸುವ ತಮ್ಮ ಉದ್ದೇಶವನ್ನೂ 30 ದಿನಗಳೊಳಗೆ ಪರ್ಮಿಟ್ ಕೊಟ್ಟ ಪ್ರಾಧಿಕಾರಕ್ಕೆ ತಿಳಿಸಿರಬೇಕು. ಪರ್ಮಿಟ್ಟನ್ನು ಹೆಸರಿಗೆ ವರ್ಗಾಯಿಸಿಕೊಳ್ಳುವ ಅರ್ಜಿಯನ್ನು ಸಾವಿನ ದಿನದಿಂದ ಮೂರು ತಿಂಗಳೊಳಗೆ ಹಾಕಬೇಕು. ಈ ಎರಡನೆಯ ಗಡುವು ಮೀರಿದರೆ, ತಕ್ಕ ಕಾರಣ ತೋರಿಸಿದವರ ಅರ್ಜಿಯನ್ನು ಪರಿಗಣಿಸುವ ಅವಕಾಶವನ್ನು ಕಾಯ್ದೆಯೇ ಕೊಟ್ಟಿದೆ. 30 ದಿನಗಳ ಮೊದಲನೆಯ ಗಡುವಿಗೆ ಅಂಥ ರಿಯಾಯಿತಿಯ ಮಾತು ಅಲ್ಲಿ ಇಲ್ಲ.

ಇದರ ಅರ್ಥವೇನೆಂದರೆ, ತಿಳಿಸಿಲ್ಲವಾದರೆ ತಮ್ಮ ಬಸ್ಸುಗಳು ಈಗ ಸುಮಾರು ಮೂರು ವಾರಗಳಿಂದ ಕಾಗದದ ಬಲವಿಲ್ಲದೆ ಓಡುತ್ತಿವೆ. ತಪಾಸಣೆಯಲ್ಲಿ ಬೀಳುವ ದಂಡ ಸಣ್ಣ ಮಾತು. ದೊಡ್ಡ ಮಾತು ವಿಮೆಯದು: ಪರ್ಮಿಟ್ ಇಲ್ಲದೆ ಓಡುತ್ತಿದ್ದ ಬಸ್ಸು ಅಪಘಾತಕ್ಕೆ ಸಿಕ್ಕರೆ, ಗಾಯಾಳುಗಳಿಗೆ ವಿಮಾ ಕಂಪನಿ ಮೊದಲು ಹಣ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು, ಮತ್ತು ಒಂದೇ ಅಂಥ ಆದೇಶಕ್ಕೆ ಮನೆ, ತೋಟ ಎರಡೂ ಸಾಲದೆ ಹೋಗಬಹುದು. ಆದುದರಿಂದ ನಾಳೆಯೇ ಮರಣ ಪ್ರಮಾಣಪತ್ರದೊಂದಿಗೆ ಪರ್ಮಿಟ್ ಕೊಟ್ಟ ಸಾರಿಗೆ ಪ್ರಾಧಿಕಾರದ ಕಚೇರಿಗೆ ಹೋಗಿ, ವಿಳಂಬದ ಕಾರಣ ಬರೆದು ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಸಾಗರದ ಲೈನಿನ ಪರ್ಮಿಟ್ ಶಿವಮೊಗ್ಗದ ಪ್ರಾಧಿಕಾರದ್ದೇ, ನಮ್ಮ ಜಿಲ್ಲೆಯದ್ದೇ ಎಂಬುದನ್ನು ಮೂಲ ಕಾಗದದಲ್ಲಿ ನೋಡಿಕೊಳ್ಳಿ. ಎರಡು ಜಿಲ್ಲೆಗಳಲ್ಲಿ ಹಾಯುವ ಮಾರ್ಗಕ್ಕೆ, ದಾರಿಯ ಹೆಚ್ಚಿನ ಭಾಗ ಯಾವ ಜಿಲ್ಲೆಯಲ್ಲಿದೆಯೋ ಅಲ್ಲಿನ ಪ್ರಾಧಿಕಾರ ಪರ್ಮಿಟ್ ಕೊಡುತ್ತದೆ. ಪತ್ರ ಅಲ್ಲಿಗೇ ಹೋಗಬೇಕು. ವರ್ಗಾವಣೆ ತೀರ್ಮಾನವಾಗುವವರೆಗೆ 87ನೇ ಕಲಮಿನಡಿ ತಾತ್ಕಾಲಿಕ ಪರ್ಮಿಟ್ ಕೇಳುವ ದಾರಿಯೂ ಇದೆ. ಅದರ ಅವಧಿ ಒಂದು ಸಲಕ್ಕೆ ನಾಲ್ಕು ತಿಂಗಳು ಮೀರುವಂತಿಲ್ಲ. ಆರ್‌ಸಿ ಪುಸ್ತಕದ ಹೆಸರು ಬದಲಾವಣೆಗೂ ಬೇರೆಯ ಅರ್ಜಿ ಇದೆ, ವಿಮಾ ಕಂಪನಿಗೂ ಬೇರೆಯಾಗಿ ತಿಳಿಸಬೇಕು. ಇವು ಒಂದರ ಹಿಂದೆ ಒಂದು ತಾವಾಗಿಯೇ ನಡೆಯುತ್ತವೆ ಎಂದು ಭಾವಿಸಿ ಕುಳಿತ ಕುಟುಂಬಗಳನ್ನು ನಾನು ಕಂಡಿದ್ದೇನೆ. ಕರಾವಳಿಯ ಒಂದು ಮನೆಯವರು ವರ್ಷಾಂತಿಕದವರೆಗೆ ಕಾದು ಆಮೇಲೆ ನನ್ನ ಬಳಿಗೆ ಬಂದರು, ಆಗ ವರ್ಗಾಯಿಸಲು ಪರ್ಮಿಟ್ಟೇ ಉಳಿದಿರಲಿಲ್ಲ.

ವಾರಸುದಾರರು ಯಾರು ಎಂಬಲ್ಲಿಯೂ ತಮ್ಮ ಪತ್ರದಲ್ಲಿ ಒಂದು ತಪ್ಪು ಎಣಿಕೆ ಇದೆ. ಮೂವರು ಅಣ್ಣತಮ್ಮಂದಿರು ಎಂದು ಲೆಕ್ಕ ಹಾಕಿದ್ದೀರಿ. ತಂದೆಯವರು ಉಯಿಲು ಬರೆಯದೆ ಹೋಗಿದ್ದು ಬಸ್ಸುಗಳು ಅವರ ಸ್ವಂತ ಸಂಪಾದನೆಯವಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಯವರು, ಮೂವರು ಗಂಡುಮಕ್ಕಳು ಮತ್ತು ಕುಮಟಾದಲ್ಲಿರುವ ತಂಗಿ, ಹೀಗೆ ಐವರಿಗೂ ಸಮಪಾಲು. ಮದುವೆಯಾಗಿ ಹೋದವಳು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಐವರೂ ಕುಳಿತು ಮಾತನಾಡಿ, ಸದ್ಯಕ್ಕೆ ಪರ್ಮಿಟ್ ಯಾರ ಹೆಸರಿಗೆ ಹೋಗಬೇಕೆಂದು ನಿರ್ಧರಿಸಿ, ಉಳಿದ ನಾಲ್ವರ ಒಪ್ಪಿಗೆಯ ಪ್ರಮಾಣಪತ್ರ ಲಗತ್ತಿಸುವುದು ಒಳ್ಳೆಯದು. ಮುಂದೆ ಪಾಲುದಾರಿಕೆ ಸಂಸ್ಥೆ ಮಾಡಿಕೊಂಡು ಪ್ರಾಧಿಕಾರದ ಅನುಮತಿಯೊಂದಿಗೆ ಪರ್ಮಿಟ್ಟನ್ನು ಅದರ ಹೆಸರಿಗೆ ತರಬಹುದು. ಪ್ರಾಧಿಕಾರದ ಅನುಮತಿಯಿಲ್ಲದೆ ಪರ್ಮಿಟ್ಟನ್ನು ಕೈಬದಲಾಯಿಸುವಂತಿಲ್ಲ ಎಂಬುದನ್ನು ಮಾರಾಟದ ಮಾತಾಡುತ್ತಿರುವ ಅಣ್ಣನವರು ಗಮನಿಸಬೇಕು. ಬಸ್ಸಿನ ಬೆಲೆಯ ಜೊತೆಗೆ ಪರ್ಮಿಟ್ಟಿಗೆ ಇಷ್ಟು ಎಂದು ಕೈಮೇಲೆ ಮುಂಗಡ ಪಡೆದು, ಕಾಗದವನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವ ವ್ಯವಹಾರ ನಮ್ಮ ಕಡೆ ಅಪರೂಪವೇನಲ್ಲ. ಅದರಲ್ಲಿ ಅಪಘಾತದ ಹೊಣೆ ಮಾತ್ರ ಹಳೆಯ ಮಾಲೀಕರ ತಲೆಯ ಮೇಲೆ ಉಳಿಯುತ್ತದೆ.

ಇನ್ನು ಚಿಕ್ಕಪ್ಪನವರ ಹೆದರಿಕೆ. ಅದನ್ನು ಹಳೆಯ ಕಾಲದವರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. 1976ರಲ್ಲಿ ಕರ್ನಾಟಕ ಸರ್ಕಾರ ಕಾನೂನು ಮಾಡಿ ರಾಜ್ಯದ ಖಾಸಗಿ ಗುತ್ತಿಗೆ ಬಸ್ಸುಗಳನ್ನು, ಅಂದರೆ ತಮ್ಮ ಬಾಡಿಗೆ ಬಸ್ಸಿನಂಥವನ್ನು, ಸ್ವಾಧೀನಪಡಿಸಿಕೊಂಡಿತು, ಸುಪ್ರೀಂ ಕೋರ್ಟ್ 1977ರಲ್ಲಿ ಅದನ್ನು ಎತ್ತಿಹಿಡಿಯಿತು. ನಿಂತ ಜಾಗದಲ್ಲೇ ಬಸ್ಸನ್ನು ಕಳೆದುಕೊಂಡ ಮನೆಗಳು ಮಲೆನಾಡಿನಲ್ಲೂ ಕರಾವಳಿಯಲ್ಲೂ ಆ ವರ್ಷವನ್ನು ಮರೆತಿಲ್ಲ. ಆದರೆ ಆ ಕಾನೂನನ್ನು 2003ರಲ್ಲಿ ರದ್ದುಪಡಿಸಲಾಗಿದೆ, ಮತ್ತು ಇಂದು ಗುತ್ತಿಗೆ ಪರ್ಮಿಟ್ ಪಡೆಯುವುದು ಲೈನ್ ಪರ್ಮಿಟ್ ಪಡೆಯುವುದಕ್ಕಿಂತ ಬಹಳ ಸುಲಭ. ನಮ್ಮ ಜಿಲ್ಲೆಯಲ್ಲಿ ಲೈನ್ ಪರ್ಮಿಟ್ ಏಕೆ ಕಷ್ಟ ಎಂಬುದಕ್ಕೂ ಇತಿಹಾಸವಿದೆ. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿತ್ತು. ಸಿದ್ದಾಪುರ ಒಂದು ರಾಜ್ಯ, ಸಾಗರದ ದಾರಿಯ ತಾಳಗುಪ್ಪ ಇನ್ನೊಂದು ರಾಜ್ಯ. ಮುಂಬಯಿಯಲ್ಲೂ ಮೈಸೂರಿನಲ್ಲೂ 1948ರಲ್ಲಿಯೇ ಸರ್ಕಾರಿ ಬಸ್ಸು ಆರಂಭವಾದರೂ, ಮುಂದೆ ದಕ್ಷಿಣ ಕನ್ನಡ ಮತ್ತು ಶಿವಮೊಗ್ಗದ ಕಡೆ ಖಾಸಗಿ ಬಸ್ಸಿನವರು ಉಳಿದಷ್ಟು ನಮ್ಮಲ್ಲಿ ಉಳಿಯಲಿಲ್ಲ. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ, 1997ರಲ್ಲಿ ಹುಬ್ಬಳ್ಳಿ ಕೇಂದ್ರವಾದ ವಾಯವ್ಯ ನಿಗಮ ಬಂದವು. ನಿಗಮದ ವಿಭಾಗೀಯ ಕಚೇರಿ ಶಿರಸಿಯಲ್ಲೇ ಇದೆ. ಹೀಗಾಗಿ ತಮ್ಮ ಅಜ್ಜನವರು ಹಿಡಿದುಕೊಂಡ ಎರಡು ಲೈನುಗಳು ಇಂದು ಹೊಸದಾಗಿ ಅರ್ಜಿ ಹಾಕಿದರೆ ಸಿಗುವಂಥವಲ್ಲ. ಬಿಡುವ ಮೊದಲು ಈ ಒಂದು ಸಂಗತಿಯನ್ನು ಎರಡು ಸಲ ಯೋಚಿಸಿ: ಬಸ್ಸನ್ನು ನಾಳೆ ಕೊಳ್ಳಬಹುದು, ಟೈಮಿಂಗನ್ನು ಕೊಳ್ಳಲಾಗದು.

ಕಲೆಕ್ಷನ್ ವಿಷಯಕ್ಕೆ ಬರೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಖಾಸಗಿ ಬಸ್ಸುಗಳಿಗೆ ಅದು ಅನ್ವಯವಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ನಡೆಸಿದ ಬಂದ್‌ಗೆ ಇದೂ ಒಂದು ಕಾರಣವಾಗಿತ್ತು. ಆದರೆ ‘ಶಕ್ತಿಯಿಂದ ಕಲೆಕ್ಷನ್ ಇಳಿಯಿತು’ ಎಂಬ ಒಂದೇ ವಾಕ್ಯದಿಂದ ನನಗೆ ತೃಪ್ತಿಯಾಗುವುದಿಲ್ಲ. ಯಾವ ಟ್ರಿಪ್ಪಿನಲ್ಲಿ ಇಳಿಯಿತು? ತಮ್ಮ ಬಸ್ಸಿಗಿಂತ ಕಾಲು ಗಂಟೆ ಮೊದಲು ಸಾಗರದಿಂದ ನಿಗಮದ ಬಸ್ಸು ಹೊರಡುವ ಹೊತ್ತಿನಲ್ಲಿ ಮಹಿಳೆಯರು ತಮ್ಮ ಬಸ್ಸು ಹತ್ತುವುದಿಲ್ಲ, ಅದು ಸಹಜ. ನಿಗಮದ ಬಸ್ಸೇ ಬಾರದ ಒಳದಾರಿಯಲ್ಲಿ, ಬೆಳಿಗ್ಗೆ ಆರೂವರೆಗೆ ಹೊರಡುವ ವಸ್ತಿ ಬಸ್ಸಿನಲ್ಲಿ, ಹಾಲಿನ ಕ್ಯಾನು ಹಿಡಿದವರು, ಶಿರಸಿಯ ಕಾಲೇಜಿಗೆ ಹೋಗುವವರು, ಆಸ್ಪತ್ರೆಗೆ ಹೊರಟವರು ಈಗಲೂ ಟಿಕೆಟ್ ಕೊಂಡೇ ಹತ್ತುತ್ತಾರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ದಿನದ ಕೊನೆಯಲ್ಲಿ ಎಣಿಸಿದರೆ ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ತಿಳಿಯುವುದಿಲ್ಲ.

ಅದಕ್ಕಾಗಿ ಎರಡು ತಿಂಗಳು ಕಂಡಕ್ಟರ ಕೈಯಲ್ಲಿ ಒಂದು ನೋಟ್‌ಬುಕ್ ಕೊಡಿ. ಪ್ರತಿ ಟ್ರಿಪ್ಪಿನ ಕಲೆಕ್ಷನ್, ಜನ, ಲಗೇಜು ಬೇರೆ ಬೇರೆಯಾಗಿ ಬರೆಯಲಿ. ಆಮೇಲೆ ಖರ್ಚನ್ನು ಎರಡು ಪಾಲು ಮಾಡಿ: ಬಸ್ಸು ಓಡಿದರೆ ಮಾತ್ರ ಬರುವ ಖರ್ಚು ಒಂದು, ಶೆಡ್ಡಿನಲ್ಲಿ ನಿಂತಿದ್ದರೂ ಬರುವ ಖರ್ಚು ಇನ್ನೊಂದು. ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡುವ ಬಸ್ಸಿಗೆ ಡೀಸೆಲ್ 90 ರೂಪಾಯಿ ಎಂದು ಹಿಡಿದರೆ ಕಿ.ಮೀ.ಗೆ 20 ರೂಪಾಯಿ ಡೀಸೆಲ್ಲಿಗೇ ಆಯಿತು. ಟಯರು, ಆಯಿಲು, ಬ್ರೇಕ್ ಲೈನರುಗಳಿಗೆ ಉದಾಹರಣೆಗಾಗಿ 4 ರೂಪಾಯಿ ಸೇರಿಸಿ. ಮಧ್ಯಾಹ್ನದ 36 ಕಿ.ಮೀ. ಟ್ರಿಪ್ಪು 900 ರೂಪಾಯಿ ತಂದರೆ, ಓಡಿದ್ದಕ್ಕೆ ತಗುಲಿದ ಖರ್ಚು 864 ರೂಪಾಯಿ. ಸಂಬಳ, ತ್ರೈಮಾಸಿಕ ತೆರಿಗೆ, ವಿಮೆ, ಸಾಲದ ಕಂತುಗಳನ್ನೆಲ್ಲ ಸೇರಿಸಿ ಕಿ.ಮೀ.ಗೆ 35 ರೂಪಾಯಿ ಎಂದು ಲೆಕ್ಕ ಹಾಕುವವರಿಗೆ ಅದೇ ಟ್ರಿಪ್ಪು 360 ರೂಪಾಯಿ ನಷ್ಟದಂತೆ ಕಾಣುತ್ತದೆ, ಆದರೆ ಅದನ್ನು ನಿಲ್ಲಿಸಿದರೆ ಸಂಬಳವೂ ತೆರಿಗೆಯೂ ಕಡಿಮೆಯಾಗುವುದಿಲ್ಲ, ಕೈಗೆ ಬರುತ್ತಿದ್ದ 36 ರೂಪಾಯಿ ಮಾತ್ರ ಹೋಗುತ್ತದೆ. ಅದೇ ಟ್ರಿಪ್ಪು 600 ರೂಪಾಯಿ ತಂದರೆ ಮಾತು ಬೇರೆ. ಅದು ಪ್ರತಿದಿನ ಜೇಬಿನಿಂದ ತೆಗೆದು ಕೊಡುವ ಹಣ. ತಮ್ಮ ನಾಲ್ಕು ಬಸ್ಸುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂಬ ಜಗಳ ಅರ್ಧದಷ್ಟು ಈ ನೋಟ್‌ಬುಕ್ಕಿನಲ್ಲೇ ತೀರುತ್ತದೆ ಎಂಬುದು ನನ್ನ ಅನುಭವ.

ನಷ್ಟದ ಟ್ರಿಪ್ಪು ಸಿಕ್ಕಿತೆಂದು ಮರುದಿನದಿಂದಲೇ ಕೈಬಿಡುವಂತಿಲ್ಲ. ಟ್ರಿಪ್ಪುಗಳ ಸಂಖ್ಯೆ ಮತ್ತು ಸಮಯ ಪರ್ಮಿಟ್ಟಿನ ಷರತ್ತುಗಳು. ಅವನ್ನು ಮುರಿದರೆ ಪರ್ಮಿಟ್ಟನ್ನು ಅಮಾನತಿನಲ್ಲಿಡುವ ಅಥವಾ ರದ್ದುಪಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಷರತ್ತಿನ ಬದಲಾವಣೆಗೆ ಅರ್ಜಿ ಹಾಕಿ. ನೋಟ್‌ಬುಕ್ಕಿನ ಅಂಕಿಗಳನ್ನು ಅದರ ಜೊತೆಗೆ ಇಟ್ಟರೆ ಅರ್ಜಿಗೆ ತೂಕ ಬರುತ್ತದೆ. ಸಮಯ ಬದಲಾವಣೆಗೆ ನಿಗಮದವರು ಆಕ್ಷೇಪಿಸಬಹುದು, ಅದಕ್ಕೂ ಸಿದ್ಧರಾಗಿರಿ. ಯಾವುದಾದರೂ ಬಸ್ಸನ್ನು ಮಳೆಗಾಲದಲ್ಲಿ ನಿಲ್ಲಿಸುವುದಿದ್ದರೆ, ಬಳಸುತ್ತಿಲ್ಲ ಎಂಬ ಘೋಷಣೆಯನ್ನು ನಿಲ್ಲಿಸುವ ಮೊದಲೇ ಆರ್‌ಟಿಒ ಕಚೇರಿಗೆ ಕೊಡಬೇಕು. ಎಫ್‌ಸಿ, ಅಂದರೆ ಬಸ್ಸು ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ಬಸ್ಸು ಓಡುತ್ತಿದೆ ಎಂದೇ ತೆರಿಗೆಯ ಮಟ್ಟಿಗೆ ಸಾರಿಗೆ ಇಲಾಖೆ ಭಾವಿಸುತ್ತದೆ. ಪರ್ಮಿಟ್ ನವೀಕರಣದ ಅರ್ಜಿ ಅವಧಿ ಮುಗಿಯುವುದಕ್ಕೆ 15 ದಿನ ಮೊದಲೇ ತಲುಪಬೇಕು. ನವೀಕರಣ ಐದು ವರ್ಷಕ್ಕೆ ಆಗುತ್ತದೆ. ತೆರಿಗೆ ಬಾಕಿ ಇಟ್ಟುಕೊಂಡು ಓಡಿಸಿದ್ದಕ್ಕೆ ಅಥವಾ ಅನುಮತಿಯಿಲ್ಲದ ದಾರಿಯಲ್ಲಿ ಓಡಿಸಿದ್ದಕ್ಕೆ ಹನ್ನೆರಡು ತಿಂಗಳೊಳಗೆ ಎರಡು ಸಲ ಶಿಕ್ಷೆಯಾಗಿದ್ದರೆ ಅದೇ ನವೀಕರಣ ನಿರಾಕರಣೆಗೆ ಕಾರಣವಾಗಬಹುದು.

ತಮ್ಮನವರ ಸ್ಲೀಪರ್ ಕೋಚ್ ಯೋಜನೆಗೆ ನನ್ನ ಒಪ್ಪಿಗೆ ಇಲ್ಲ. ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ.; ಒಂದು ಕಡೆಯಿಂದ ಒಂದು ಬಸ್ಸು ಹೊರಟರೆ ಪ್ರತಿ ರಾತ್ರಿಯ ಸೇವೆಗೆ ಇನ್ನೊಂದು ಕಡೆಯಿಂದಲೂ ಒಂದು ಹೊರಡಬೇಕು, ಎರಡಕ್ಕೂ ಇಬ್ಬಿಬ್ಬರು ಚಾಲಕರು ಬೇಕು, ಕೆಟ್ಟಾಗ ಬದಲಿ ಬಸ್ಸು ಬೇಕು. ನಿಗಮದ ಸ್ಲೀಪರುಗಳೂ ದೊಡ್ಡ ಕಂಪನಿಗಳೂ ಈಗಾಗಲೇ ಅಲ್ಲಿವೆ. ಅದಕ್ಕಿಂತ ಮುಖ್ಯವಾಗಿ, ಗುತ್ತಿಗೆ ಪರ್ಮಿಟ್ ಎಂದರೆ ಇಡೀ ಬಸ್ಸನ್ನು ಒಂದು ಗುಂಪಿಗೆ ಒಪ್ಪಂದದ ಮೇಲೆ ಕೊಡುವುದು. ದಾರಿಯುದ್ದಕ್ಕೂ ಒಬ್ಬೊಬ್ಬರನ್ನು ಹತ್ತಿಸಿಕೊಂಡು ಇಳಿಸುತ್ತಾ ಬೇರೆ ಬೇರೆ ಟಿಕೆಟ್ ಹರಿದರೆ ಕಾನೂನಿನ ಕಣ್ಣಿನಲ್ಲಿ ಅದು ಲೈನ್ ಬಸ್ಸು, ಮತ್ತು ಆ ಪರ್ಮಿಟ್ ಇಲ್ಲದ ಲೈನ್ ಬಸ್ಸು. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ತಮ್ಮನವರು ಹೇಳಬಹುದು. ಎಲ್ಲರಿಗೂ ದಂಡ ಕಟ್ಟುವ, ವಕೀಲರನ್ನು ಇಡುವ ಶಕ್ತಿ ಇದೆ. ನಾಲ್ಕು ಬಸ್ಸಿನ ಮನೆಗೆ ಆ ಶಕ್ತಿ ಇಲ್ಲ.

ಈಗಿರುವ ಎರಡು ಬಾಡಿಗೆ ಬಸ್ಸುಗಳನ್ನೇ ಇನ್ನಷ್ಟು ದುಡಿಸುವುದು ಸಾಧ್ಯ. ಚಳಿಗಾಲದಲ್ಲಿ ಶಾಲಾ ಪ್ರವಾಸ ಮತ್ತು ಶಬರಿಮಲೆ, ಏಪ್ರಿಲ್–ಮೇನಲ್ಲಿ ಮದುವೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಮಳೆಗಾಲ ಬಿಟ್ಟು ವರ್ಷವಿಡೀ ಬನವಾಸಿ, ಸೋಂದಾ, ಯಾಣ, ಗೋಕರ್ಣ, ಇಡಗುಂಜಿ. ಮಳೆ ಶುರುವಾದರೆ ಜೋಗವೊಂದೇ. ಶಾಲೆಯೊಂದರ ಮಕ್ಕಳನ್ನು ಕರೆದೊಯ್ಯುವ ವರ್ಷದ ಒಪ್ಪಂದ ಸಿಕ್ಕರೆ ಖಾಲಿ ತಿಂಗಳುಗಳು ತುಂಬುತ್ತವೆ, ಆದರೆ ಅದಕ್ಕೆ ಸುರಕ್ಷತೆಯ ಬೇರೆ ನಿಯಮಗಳಿವೆ, ಒಪ್ಪಂದ ಬರಹದಲ್ಲಿರಬೇಕು. ತೆರಿಗೆಯಲ್ಲಿ ಎರಡು ಮಾತು: ಹವಾನಿಯಂತ್ರಣವಿಲ್ಲದ ಲೈನ್ ಬಸ್ಸಿನ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ, ಪ್ರವಾಸಕ್ಕೆ ಬಾಡಿಗೆ ಕೊಟ್ಟ ಬಸ್ಸಿಗೆ ಆ ವಿನಾಯಿತಿ ಇಲ್ಲ. ಹತ್ತು ವಾಹನದೊಳಗಿನ ಲಾರಿ ಮಾಲೀಕರಿಗೆ ಆದಾಯ ತೆರಿಗೆಯಲ್ಲಿ ಇರುವ ಅಂದಾಜು ಲೆಕ್ಕದ ಸೌಲಭ್ಯ ಸರಕು ವಾಹನಗಳಿಗೆ ಮಾತ್ರ, ಬಸ್ಸಿಗೆ ಅನ್ವಯಿಸುವುದಿಲ್ಲ. ಇಲ್ಲಿ ಅನೇಕರು ತಪ್ಪುತ್ತಾರೆ.

ಲೈನ್ ಬಸ್ಸುಗಳು ಘಟ್ಟದ ಮೇಲೆಯೇ ಓಡುತ್ತವೆ, ಬಾಡಿಗೆ ಬಸ್ಸುಗಳು ಘಟ್ಟ ಇಳಿಯುತ್ತವೆ ಎಂಬ ವ್ಯತ್ಯಾಸವನ್ನು ರಿಪೇರಿ ಖರ್ಚಿನಲ್ಲಿಯೂ ಕಾಣಬೇಕು. ದೇವಿಮನೆ, ದೊಡ್ಮನೆ, ಅರಬೈಲು ಘಟ್ಟಗಳನ್ನು ಐವತ್ತು ಜನರನ್ನು ಹೊತ್ತು ಇಳಿಯುವ ಬಸ್ಸಿನ ಬ್ರೇಕ್ ಲೈನರು ಸಿದ್ದಾಪುರ–ಶಿರಸಿ ಬಸ್ಸಿನದಷ್ಟು ದಿನ ಬಾಳುವುದಿಲ್ಲ. ಮುಂದಿನ ಚಕ್ರಗಳಿಗೆ ರಿಸೋಲ್ ಟಯರ್ (ಸವೆದ ಟಯರಿಗೆ ಹೊಸ ರಬ್ಬರು ಹಾಕಿದ್ದು) ಹಾಕುವ ಉಳಿತಾಯ ಬೇಡವೇ ಬೇಡ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಚಾಲಕ ತಮ್ಮಲ್ಲಿದ್ದರೆ ಅವನಿಗೆ ಸಾಗರದ ಲೈನು ಕೊಡಿ, ಬಾಡಿಗೆ ಬಸ್ಸನ್ನು ಕೊಡಬೇಡಿ. ಎಂಟು ವರ್ಷದವರೆಗಿನ ಬಸ್ಸಿಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹಳೆಯದನ್ನು ಬದಲಿಸುವ ನಿರ್ಧಾರ ಆ ಎಂಟರ ಆಸುಪಾಸಿನಲ್ಲೇ ಆಗುವುದು ಮೇಲು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಂಥ ಸಂದರ್ಭದಲ್ಲಿ, ಸುತ್ತು ದಾರಿಯ ಹೆಚ್ಚಿನ ಕಿ.ಮೀ. ಯಾರ ಖರ್ಚು ಎಂಬುದನ್ನು ಬಾಡಿಗೆ ರಸೀದಿಯಲ್ಲಿ ಮೊದಲೇ ಮುದ್ರಿಸಿರಿ. ಬಾಯಿಮಾತಿನ ಒಪ್ಪಂದದಲ್ಲಿ ಆ ಖರ್ಚು ಸದಾ ಬಸ್ಸಿನವರದ್ದೇ ಆಗುತ್ತದೆ.

ಮನೆಯ ಲೆಕ್ಕದ ವಿಷಯವನ್ನು ಸಂಕೋಚದಿಂದಲೇ ಬರೆಯುತ್ತೇನೆ. ಕುಟುಂಬದ ಬಸ್ ಸಂಸ್ಥೆಗಳಲ್ಲಿ ರಾತ್ರಿ ಕಂಡಕ್ಟರ ಚೀಲ ಮನೆಯ ಜಗಲಿಗೆ ಬರುತ್ತದೆ, ಅದರಿಂದ ಕಿರಾಣಿ, ಶಾಲೆಯ ಫೀಸು, ಮದುವೆಯ ಮುಯ್ಯಿ ಎಲ್ಲವೂ ಹೋಗುತ್ತವೆ, ಉಳಿದದ್ದರಲ್ಲಿ ಡೀಸೆಲ್ ತುಂಬುತ್ತದೆ. ತಂದೆಯವರು ಒಬ್ಬರೇ ಇದ್ದಾಗ ಇದು ನಡೆಯಿತು, ಏಕೆಂದರೆ ಎಲ್ಲ ಲೆಕ್ಕ ಅವರ ತಲೆಯಲ್ಲಿತ್ತು. ಐವರು ಹಕ್ಕುದಾರರಿರುವಾಗ ನಡೆಯದು. ಬಸ್ಸಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಕೆಲಸ ಮಾಡುವ ಸಹೋದರ ಸಂಬಳ ಪಡೆಯಲಿ; ಕೆಲಸ ಮಾಡದವರು, ತಾಯಿಯವರೂ ತಂಗಿಯೂ ಸೇರಿ, ವರ್ಷಾಂತ್ಯದ ಲಾಭದಲ್ಲಿ ಪಾಲು ಪಡೆಯಲಿ. ಪ್ರತಿ ಕಿ.ಮೀ.ಗೆ ಇಷ್ಟು ಎಂದು ಮುಂದಿನ ಬಸ್ಸಿಗಾಗಿ ಎತ್ತಿಡಿ. ಇಷ್ಟು ಮಾಡಿ ಒಂದು ವರ್ಷ ನೋಡಿದ ಮೇಲೂ ಅಣ್ಣನವರಿಗೆ ಮಾರುವ ಮನಸ್ಸಿದ್ದರೆ, ಅವರ ಪಾಲಿಗೆ ಬಾಡಿಗೆ ಬಸ್ಸೊಂದನ್ನು ಬಿಟ್ಟುಕೊಡುವುದು ಲೈನ್ ಪರ್ಮಿಟ್ಟನ್ನು ಹರಿದು ಹಂಚುವುದಕ್ಕಿಂತ ಸುಲಭ.

ತಾಯಿಯವರ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಜನರ ಪ್ರೀತಿಯಿಂದಲೇ ಬಸ್ಸು ಓಡುವುದಿಲ್ಲ. ಮಾಲೀಕರು ಕೈಬಿಟ್ಟ ಸಂಸ್ಥೆಯನ್ನು 1991ರಲ್ಲಿ ಕಾರ್ಮಿಕರೇ ವಹಿಸಿಕೊಂಡು ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯನ್ನು ಮಲೆನಾಡು ತನ್ನದೆಂದೇ ತಿಳಿದಿತ್ತು, ಆದರೂ ಅದು 2020ರಲ್ಲಿ ನಿಂತಿತು. ಆದರೆ ತಾಯಿಯವರು ಭಾವನೆಯಿಂದ ಹೇಳಿದ ಮಾತು ಈ ಸಲ ಲೆಕ್ಕಕ್ಕೂ ಹೊಂದುತ್ತದೆ ಎಂದು ನನಗನಿಸುತ್ತದೆ. ಬೆಳಗಿನ ವಸ್ತಿ ಬಸ್ಸಿಗೆ ಎದುರು ಬಸ್ಸಿಲ್ಲ, ಉಚಿತ ಬಸ್ಸಿಲ್ಲ, ಖಾಲಿ ಬರುವ ಮಾರ್ಗವಿಲ್ಲ. ಕಷ್ಟ ಇರುವುದು ಬಹುಶಃ ಸಾಗರದ ಲೈನಿನ ನಡುಹಗಲ ಟ್ರಿಪ್ಪುಗಳಲ್ಲಿ. ವಸ್ತಿ ಬಸ್ಸಿಗೆ ನಿಜವಾಗಿ ಬೇಕಾದದ್ದು ಊರಿನಲ್ಲಿ ಉಳಿಯಲು ಒಪ್ಪುವ ಚಾಲಕ. ಅವನಿಗೆ ಮಳೆ ಸೋರದ ಒಂದು ಕೋಣೆ, ಬಿಸಿನೀರು, ರಾತ್ರಿಯ ಊಟ, ಬೇರೆ ಭತ್ಯೆ ಕೊಡಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿ ಎದ್ದವನ ಕೈಗೆ ಬೆಳಿಗ್ಗೆ ಆರೂವರೆಗೆ ಸ್ಟೇರಿಂಗ್ ಕೊಡಬೇಡಿ. ಹೆಸರು ವರ್ಗಾವಣೆಯ ಅರ್ಜಿಗೆ ಇನ್ನು ಉಳಿದಿರುವುದು ಸುಮಾರು ಐದಾರು ವಾರ ಮಾತ್ರ. ಕುಮಟಾದ ತಂಗಿಯ ಸಹಿ ತರಲು ಹೋಗುವವರು ಈ ವಾರವೇ ಹೊರಡಲಿ.